ಕುರುಹು ಮತ್ತು ಅರಿವು: ಶಾಲೆಯಲ್ಲಿ ಮಾನವೈಕ್ಯದ ಬೋಧೆ

(ಶ್ರೀಮಠದ ಮಹೋತ್ಸವದ ಅಂಗವಾಗಿ ಸೇರಿದ ಧರ್ಮಸಭೆಯಲ್ಲಿ ನಡೆದ ಉಪನ್ಯಾಸ)

 

ಮಠದ ಮಹೋತ್ಸವವು ಕಳೆದ ವರುಷಗಳನ್ನು ಎಣಿಸಿ ಸಂತೋಷಪಡುವ ಕಾಲ ಮಾತ್ರವಲ್ಲ. ಕೈಕೊಂಡ ಕಾರ್ಯವು ತನ್ನ ಗುರಿಯನ್ನು ಎಷ್ಟರಮಟ್ಟಿಗೆ ಮುಟ್ಟಿದೆ ಎಂಬುದನ್ನು ಪರಾಮರ್ಶಿಸುವ ಕಾಲವೂ ಅಹುದು. ಮಠಗಳು ನಡೆಯಿಸಿಕೊಂಡು ಬಂದ ಕಾರ್ಯಗಳಲ್ಲಿ ಅನ್ನದಾಸೋಹ ಜ್ಞಾನದಾಸೋಹಗಳೆರಡು ಪ್ರಧಾನವಾದವು. ಈ ಎರಡೂ ಒಂದುಗೂಡುವ ಸ್ಥಾನವೆಂದರೆ ಶಾಲೆ ಮತ್ತು ಅದಕ್ಕೆ ಹೊಂದಿಕೊಂಡಿರುವ ಪ್ರಸಾದನಿಲಯ. ಅಲ್ಲಿ ಬೆಳೆಯುವ ಮಕ್ಕಳಿಗೆ ಮನುಷ್ಯಕುಲವೆಲ್ಲ ಒಂದೆಂಬ ಭಾವವನ್ನು ಯಾವ ಕುರುಹುಗಳ ಮೂಲಕ ತಿಳಿಸಬೇಕು, ಮತ್ತು ಆ ಕುರುಹುಗಳು ಯಾವಾಗ ಸಾರ್ಥಕವಾಗುತ್ತವೆ, ಯಾವಾಗ ವ್ಯರ್ಥವಾಗುತ್ತವೆ ಎಂಬುದೇ ಇಂದಿನ ವಿಚಾರ.

ಪ್ರಸಾದನಿಲಯವೊಂದಕ್ಕೆ ಹೊಸದಾಗಿ ಬಂದು ಸೇರಿದ ಎಂಟೊಂಬತ್ತು ವರುಷದ ಬಾಲಕನೊಬ್ಬನನ್ನು ಸಭಿಕರು ಮನಸ್ಸಿನ ಮುಂದೆ ತಂದುಕೊಳ್ಳಬೇಕು. ತಂದೆಯು ಅವನನ್ನು ಬಿಟ್ಟು ಸಂಜೆಯ ಬಸ್ಸಿಗೆ ಊರಿಗೆ ಹೊರಟುಹೋಗಿದ್ದಾನೆ. ಪ್ರಾರ್ಥನೆ ಮುಗಿದು ಊಟದ ಗಂಟೆ ಬಾರಿಸಿದೆ. ಹುಡುಗರೆಲ್ಲ ತಟ್ಟೆ ಹಿಡಿದುಕೊಂಡು ಊಟದ ಮನೆಯ ಕಡೆಗೆ ನಡೆದಿದ್ದಾರೆ. ಹಲವರ ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಶಿವದಾರ. ಈ ಬಾಲಕನ ಕೊರಳಲ್ಲಿ ಏನೂ ಇಲ್ಲ. ಅವನು ಬಾಗಿಲ ಬಳಿ ನಿಂತು, ಅಲ್ಲಿದ್ದ ವೃದ್ಧ ಉಪಾಧ್ಯಾಯರನ್ನು ಮೆಲ್ಲಗೆ ಕೇಳುತ್ತಾನೆ: “ಬುದ್ಧೀ, ನನ್ನ ಕೊರಳಲ್ಲಿ ಏನೂ ಇಲ್ಲ. ನಾನು ಎಲ್ಲಿ ಕೂತುಕೊಳ್ಳಲಿ?”

ಈ ಒಂದು ಪ್ರಶ್ನೆಯಲ್ಲಿ ಇಂದಿನ ವಿಷಯವೆಲ್ಲ ಅಡಗಿರುವುದು. ನೀನು ಬೇರೆ ಕೂಡಬೇಕೆಂದು ಆ ಬಾಲಕನಿಗೆ ಅಲ್ಲಿ ಯಾರೂ ಹೇಳಿರಲಿಲ್ಲ. ಗೋಡೆಯ ಮೇಲೆ ಅಂಥ ನಿಯಮವೇನೂ ಬರೆದಿರಲಿಲ್ಲ. ಬರೆದಿದ್ದರೂ ಸರಾಗವಾಗಿ ಓದುವಷ್ಟು ಅಕ್ಷರ ಅವನಿಗೆ ಇನ್ನೂ ಬಂದಿರಲಾರದು. ಆದರೂ ಅವನು ಓದಿದನು. ಹಣೆಗಳನ್ನು ಓದಿದನು, ಕೊರಳುಗಳನ್ನು ಓದಿದನು, ತನ್ನ ಬರಿಗೊರಳನ್ನೂ ಓದಿಕೊಂಡನು. ಮಗುವು ಅಕ್ಷರಕ್ಕಿಂತ ಮೊದಲು ಕುರುಹನ್ನು ಓದುವುದು. ಉಪಾಧ್ಯಾಯನು ಕಲಿಸಲಿ ಕಲಿಸದಿರಲಿ, ಶಾಲೆಯಲ್ಲಿರುವ ಕುರುಹುಗಳು ಹಗಲೆಲ್ಲ ಕಲಿಸುತ್ತಲೇ ಇರುತ್ತವೆ.

ಕುರುಹೆಂದರೇನು? ಕಣ್ಣಿಗೆ ಕಾಣದುದನ್ನು ಕಾಣಿಸುವುದಕ್ಕಾಗಿ ಕಣ್ಣಿಗೆ ಕಾಣುವುದೊಂದನ್ನು ಇಟ್ಟುಕೊಳ್ಳುವುದೇ ಕುರುಹು. ಹೊಲದ ಎಲ್ಲೆಗೆ ನೆಟ್ಟ ಕಲ್ಲು ಒಂದು ಕುರುಹು. ದನದ ಕಿವಿಯ ಮೇಲಿನ ಗುರುತು ಒಂದು ಕುರುಹು. ಅಕ್ಷರವಾದರೂ ಕುರುಹೇ, ನಾದಕ್ಕೆ ರೂಪವಿಲ್ಲ, ಹಲಗೆಯ ಮೇಲಿನ ಗೆರೆಯು ನಾದಕ್ಕೆ ಗುರುತಾಗಿ ನಿಲ್ಲುವುದು. ಹಿಂದಿನ ಕಾಲದ ಕೂಲಿಮಠಗಳಲ್ಲಿ ಐಗಳು ಮಗುವಿನ ಬೆರಳು ಹಿಡಿದು ಮರಳಿನ ಮೇಲೆ ಮೊದಲು ತಿದ್ದಿಸುತ್ತಿದ್ದುದು ‘ಓನಾಮ’ವನ್ನು. ಓಂ ನಮಃ ಶಿವಾಯ ಎಂಬುದರ ಬೆನ್ನಿಗೆ ಸಿದ್ಧಂ ನಮಃ ಎಂಬುದೂ ಸೇರಿರುತ್ತಿತ್ತು. ಮೊದಲಿನದು ಶೈವರದು, ಎರಡನೆಯದು ಜೈನ ಪರಂಪರೆಯಿಂದ ಬಂದುದೆಂದು ವಿದ್ವಾಂಸರು ಹೇಳುವರು. ನಾಡಿನ ಮಕ್ಕಳು ಯಾವ ಮನೆಯಿಂದ ಬಂದಿದ್ದರೂ ಎರಡು ಮತಗಳ ನಮಸ್ಕಾರವನ್ನು ಒಂದೇ ಉಸಿರಿನಲ್ಲಿ ಹೇಳಿ, ಒಂದೇ ಮರಳಿನಲ್ಲಿ ತಿದ್ದಿ, ಅಕ್ಷರದ ಬಾಗಿಲನ್ನು ಹೊಕ್ಕರು. ಅದನ್ನು ಯಾರೂ ಸಮನ್ವಯವೆಂದು ಕರೆಯಲಿಲ್ಲ. ವಿದ್ಯಾರಂಭವೆಂದು ಮಾತ್ರ ಕರೆದರು.

ಆದರೆ ಕುರುಹು ತಾನಾಗಿಯೇ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಎಲ್ಲೆಯ ಕಲ್ಲು ಜಗಳವನ್ನು ತಪ್ಪಿಸುವುದು. ಸ್ವಲ್ಪ ಸರಿಸಿದರೆ ಅದೇ ಕಲ್ಲು ಜಗಳವನ್ನು ಹುಟ್ಟಿಸುವುದು. ಶಾಲೆಯ ಕುರುಹುಗಳೂ ಹಾಗೆಯೇ. ಡಾಕ್ಟರ್ ಭೀಮರಾವ್ ಅಂಬೇಡ್ಕರರು, ಜನನ 1891, ತಮ್ಮ ಬಾಲ್ಯದ ಶಾಲೆಯ ದಿನಗಳನ್ನು ಕುರಿತು ಬರೆದಿಟ್ಟಿರುವ ಸಂಗತಿಯನ್ನು ವಿದ್ಯಾಸಂಸ್ಥೆಗಳನ್ನು ನಡೆಯಿಸುವವರೆಲ್ಲರೂ ತಿಳಿದಿರಬೇಕು. ತರಗತಿಯಲ್ಲಿ ಅವರು ಇತರ ಮಕ್ಕಳೊಡನೆ ಕೂಡುವಂತಿರಲಿಲ್ಲ. ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕೂಡಬೇಕಾಗಿತ್ತು. ಆ ಗೋಣಿಯನ್ನು ಶಾಲೆಯ ಜವಾನನು ಮುಟ್ಟುತ್ತಿರಲಿಲ್ಲವಾದುದರಿಂದ ಸಂಜೆ ಅದನ್ನು ಮನೆಗೆ ಹೊತ್ತು ಮರುದಿನ ಮತ್ತೆ ತರಬೇಕಾಗಿತ್ತು. ಬಾಯಾರಿದರೆ ನಲ್ಲಿಯನ್ನು ತಾವೇ ತಿರುಗಿಸುವ ಹಾಗಿರಲಿಲ್ಲ. ಜವಾನನು ಬಂದು ತಿರುಗಿಸಬೇಕು. ಜವಾನನಿಲ್ಲದ ದಿನ ನೀರೂ ಇಲ್ಲ. ಆ ಶಾಲೆಯ ಪುಸ್ತಕಗಳಲ್ಲಿ ಏನೇನು ನೀತಿಪಾಠಗಳಿದ್ದವೋ! ದಯೆಯ ಪಾಠವೂ ಇದ್ದಿರಬಹುದು. ಆದರೆ ಗೋಣಿತಟ್ಟು ಮತ್ತು ನಲ್ಲಿ ಇವೆರಡೂ ಕಲಿಸಿದ ಪಾಠದ ಮುಂದೆ ಪುಸ್ತಕದ ಪಾಠವು ನಿಲ್ಲಲಾರದು. ಆ ಪಾಠವನ್ನು ಕಲಿತವರು ಗೋಣಿಯ ಮೇಲೆ ಕುಳಿತ ಮಗು ಮಾತ್ರವೇ ಅಲ್ಲ. ಹಲಗೆಯ ಮೇಲೆ ಕುಳಿತ ಮಕ್ಕಳೂ ಅದನ್ನು ಕಲಿತರು. ಅವರಿಗಾದ ಹಾನಿ ಕಡಿಮೆಯೆಂದು ಹೇಳುವವನು ಶಿಕ್ಷಣದ ಮರ್ಮವನ್ನು ತಿಳಿದವನಲ್ಲ.

ಇಂಥ ಕುರುಹಿನ ಮುಂದೆ ಮಗುವು ಏನು ಮಾಡಬಲ್ಲದು? ಇದಕ್ಕೆ ಉತ್ತರವಾಗಿ ಭಕ್ತಜನರಲ್ಲಿ ಜನಜನಿತವಾದ ಒಂದು ಕಥೆಯಿದೆ. ಬಾಗೇವಾಡಿಯಲ್ಲಿ ಮಾದರಸ ಮಾದಲಾಂಬಿಕೆಯರ ಮಗನಾದ ಬಾಲಕ ಬಸವಣ್ಣನಿಗೆ ಉಪನಯನದ ಸಿದ್ಧತೆಯಾಯಿತು. ಜನಿವಾರವು ತನಗೆ ಮಾತ್ರವೋ, ಅಕ್ಕ ನಾಗಮ್ಮನಿಗೂ ಉಂಟೋ ಎಂದು ಅವನು ಕೇಳಿದನಂತೆ. ಹೆಣ್ಣಿಗೆ ಇಲ್ಲವೆಂದು ಹಿರಿಯರು ಹೇಳಿದರು. ಅಕ್ಕನಿಗಿಲ್ಲದ ಕುರುಹು ತನಗೂ ಬೇಡವೆಂದು ಹೇಳಿ ಆ ಬಾಲಕನು ಮನೆಯನ್ನು ಬಿಟ್ಟು ಕೂಡಲಸಂಗಮದ ದಾರಿ ಹಿಡಿದನು. ಬಾಲಕನು ಕುರುಹಿನ ವಿಷಯದಲ್ಲಿ ಶಾಸ್ತ್ರಾರ್ಥವನ್ನು ಮಾಡಲಿಲ್ಲ. ‘ಇದು ಯಾರನ್ನು ಹೊರಗಿಡುತ್ತದೆ?’ ಎಂಬ ಒಂದೇ ಪ್ರಶ್ನೆಯನ್ನು ಕೇಳಿದನು. ಶಾಲೆಯಲ್ಲಿ ಇಡುವ ಯಾವ ಕುರುಹನ್ನಾದರೂ ಒರೆಗೆ ಹಚ್ಚಿ ನೋಡುವುದಕ್ಕೆ ಇದಕ್ಕಿಂತ ಉತ್ತಮವಾದ ಒರೆಗಲ್ಲು ಇನ್ನೊಂದಿಲ್ಲ.

ಹೀಗೆ ಒಂದು ಕುರುಹನ್ನು ನಿರಾಕರಿಸಿದವರು ಮುಂದೆ ಕಲ್ಯಾಣದಲ್ಲಿ ಶರಣಸಮೂಹದೊಡನೆ ಇನ್ನೊಂದು ಕುರುಹನ್ನು ಎತ್ತಿ ಹಿಡಿದರು. ಅದೇ ಇಷ್ಟಲಿಂಗ. ಅದರ ಆಕಾರವನ್ನು ಮಕ್ಕಳಿಗೆ ವಿವರಿಸುವಾಗ ಉಪಾಧ್ಯಾಯರು ಅವಸರಪಡಬಾರದು. ಅದಕ್ಕೆ ಮುಖವಿಲ್ಲ, ಕೈಕಾಲುಗಳಿಲ್ಲ. ಗಂಡೆಂದಾಗಲಿ ಹೆಣ್ಣೆಂದಾಗಲಿ ಹೇಳಬರುವುದಿಲ್ಲ. ಯಾವ ದೇಶದ ಉಡುಪೂ ಅದಕ್ಕಿಲ್ಲ. ಸಿರಿವಂತನ ಮಗನು ಅದನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಧರಿಸುವನು. ಬಡವನ ಮಗನು ಬಟ್ಟೆಯಲ್ಲಿ ಕಟ್ಟಿ ಧರಿಸುವನು. ಎರಡನ್ನೂ ಬಿಚ್ಚಿ ಎಡದ ಅಂಗೈಯಲ್ಲಿ ಇಟ್ಟುಕೊಂಡಾಗ ಯಾವುದು ಯಾರದೆಂದು ನೋಡಿದವರು ಹೇಳಲಾರರು. ವಿಭೂತಿಯೂ ಹಾಗೆಯೇ. ಯಾವ ಹಟ್ಟಿಯ ಹಸುವಿನ ಸಗಣಿಯಿಂದ ಆದುದೆಂದು ವಿಭೂತಿಯ ಗಟ್ಟಿಯನ್ನು ನೋಡಿ ತಿಳಿಯಲು ಸಾಧ್ಯವಿಲ್ಲ. ಬೆಂಕಿಯು ಆ ವಿಳಾಸಗಳನ್ನೆಲ್ಲ ಅಳಿಸಿಬಿಟ್ಟಿರುವುದು. ಇಂಥ ಕುರುಹುಗಳನ್ನು ಶರಣರು ಮಡಿವಾಳ ಮಾಚಯ್ಯನಿಗೂ, ಅಂಬಿಗರ ಚೌಡಯ್ಯನಿಗೂ, ಡೋಹರ ಕಕ್ಕಯ್ಯನಿಗೂ, ಅಕ್ಕಮಹಾದೇವಿಗೂ, ಆಯ್ದಕ್ಕಿ ಲಕ್ಕಮ್ಮನಿಗೂ ಸಮಾನವಾಗಿ ಸಲ್ಲುವಂತೆ ಮಾಡಿದರು. ಅಕ್ಕ ನಾಗಮ್ಮನಿಗೆ ಸಲ್ಲದ ಕುರುಹನ್ನು ಬಿಟ್ಟುದರ ಫಲವಾಗಿ ಎಲ್ಲ ಅಕ್ಕಂದಿರಿಗೂ ಸಲ್ಲುವ ಕುರುಹು ಲಭಿಸಿತು.

ಇಲ್ಲಿಗೆ ಮಾತು ಮುಗಿದಿದ್ದರೆ ಉಪನ್ಯಾಸವೂ ಸುಲಭವಾಗಿ ಮುಗಿಯುತ್ತಿತ್ತು. ಆದರೆ ಶರಣರು ಅಲ್ಲಿಗೆ ನಿಲ್ಲಲಿಲ್ಲ. ಕುರುಹಿನ ಮುಂದೆ ಅರಿವು ಎಂಬ ಇನ್ನೊಂದು ಮಾತನ್ನು ಅವರು ಇಟ್ಟರು. ಕುರುಹು ಅರಿವಿಗೆ ಒಯ್ಯುವ ದಾರಿ. ದಾರಿಯಲ್ಲೇ ಮನೆ ಮಾಡಿಕೊಂಡವನು ಊರನ್ನು ಸೇರಲಾರನು. ಶೂನ್ಯಸಂಪಾದನೆಯಲ್ಲಿ ಬರುವ ನುಲಿಯ ಚಂದಯ್ಯನ ಪ್ರಸಂಗವನ್ನು ಭಕ್ತರೆಲ್ಲರೂ ಬಲ್ಲರು. ಹಗ್ಗ ಹೊಸೆಯುವುದಕ್ಕಾಗಿ ಹುಲ್ಲು ಕೊಯ್ಯುತ್ತಿದ್ದಾಗ ಅವನ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದಿತು. ಚಂದಯ್ಯನು ಕೊಯ್ದ ಹುಲ್ಲನ್ನು ಹೊತ್ತುಕೊಂಡು ತನ್ನ ಕಾಯಕಕ್ಕೆ ನಡೆದೇಬಿಟ್ಟನು. ಲಿಂಗವೇ ಅವನ ಹಿಂದೆ ಬರಬೇಕಾಯಿತು. ಲಿಂಗವನ್ನು ಅಲಕ್ಷಿಸಬೇಕೆಂಬುದು ಈ ಕಥೆಯ ತಾತ್ಪರ್ಯವಲ್ಲ. ಕುರುಹು ಯಾವುದಕ್ಕಾಗಿ ಇದೆಯೋ ಆ ನಡೆಯನ್ನು ಬಿಡದವನ ಬೆನ್ನ ಹಿಂದೆ ಕುರುಹು ತಾನಾಗಿಯೇ ಬರುವುದು. ನಡೆಯನ್ನು ಬಿಟ್ಟು ಕುರುಹನ್ನು ಮಾತ್ರ ಹಿಡಿದವನ ಕೈಯಲ್ಲಿ ಉಳಿಯುವುದು ಕಲ್ಲು.

ಕಲ್ಯಾಣದಲ್ಲಿ ನಡೆದ ಅನಾಹುತವೂ ಇದನ್ನೇ ಸಾರುವುದು. ಹರಳಯ್ಯನ ಕೊರಳಲ್ಲಿಯೂ ಮಧುವರಸನ ಕೊರಳಲ್ಲಿಯೂ ಒಂದೇ ಲಿಂಗವಿದ್ದಿತು. ಚಮ್ಮಾರನೂ ಬ್ರಾಹ್ಮಣನೂ ಒಂದೇ ಕುರುಹನ್ನು ಧರಿಸಿದುದನ್ನು ಊರು ಹೇಗೋ ಸಹಿಸಿಕೊಂಡಿತು. ಆದರೆ ಒಬ್ಬರ ಮಗನಿಗೆ ಇನ್ನೊಬ್ಬರ ಮಗಳನ್ನು ಕೊಟ್ಟಾಗ ಅದೇ ಊರು ಸಿಡಿದೆದ್ದಿತು. ತಂದೆಯರಿಬ್ಬರಿಗೂ ಮರಣದಂಡನೆಯಾಯಿತೆಂದು ಪರಂಪರೆಯು ಹೇಳುವುದು. ಕುರುಹು ಒಂದಾದುದಕ್ಕೆ ಲೋಕವು ಅಷ್ಟಾಗಿ ಕೋಪಿಸುವುದಿಲ್ಲ. ಬದುಕು ಒಂದಾದಾಗ ಕೋಪಿಸುವುದು. 12ನೆಯ ಶತಮಾನದ ಈ ಪಾಠವನ್ನು ಇಂದಿನ ಶಾಲೆಗಳೂ ಮರೆಯಲಾಗದು. ಗೋಡೆಯ ಮೇಲೆ ಎಲ್ಲ ಧರ್ಮಗಳ ಚಿಹ್ನೆಗಳನ್ನು ಒಂದೇ ಸಾಲಿನಲ್ಲಿ ಬರೆಯಿಸುವುದು ಸುಲಭ. ಆ ಗೋಡೆಯ ಕೆಳಗೆ ಮಕ್ಕಳನ್ನು ಒಂದೇ ಸಾಲಿನಲ್ಲಿ ಕೂಡಿಸುವುದು ಕಷ್ಟ.

ಮಾನವೈಕ್ಯವನ್ನೇ ಉದ್ದೇಶವಾಗಿಟ್ಟುಕೊಂಡು ಹುಟ್ಟಿದ ಕುರುಹುಗಳು ಕೂಡ ಕೆಲವೊಮ್ಮೆ ತೊಡಕಿಗೆ ಒಳಗಾದುದುಂಟು. ಅನೇಕ ಶಾಲೆಗಳಲ್ಲಿ ಮಕ್ಕಳು ಕಿರಿಯರ ರೆಡ್ ಕ್ರಾಸ್ ಸಂಘಕ್ಕೆ ಸೇರುವರು. ಆ ಚಿಹ್ನೆಯ ವೃತ್ತಾಂತವು ಉಪಾಧ್ಯಾಯರಿಗೆ ಉಪಯುಕ್ತವಾದುದು. 1859ರಲ್ಲಿ ಇಟಲಿಯ ಸೋಲ್ಫೆರಿನೋ ಎಂಬಲ್ಲಿ ನಡೆದ ಯುದ್ಧದ ಗಾಯಾಳುಗಳ ದುಃಸ್ಥಿತಿಯನ್ನು ಜಿನೀವಾ ನಗರದ ಹೆನ್ರಿ ಡ್ಯೂನಾಂಟನು ಕಣ್ಣಾರೆ ಕಂಡನು. ಮಿತ್ರನೆನ್ನದೆ ಶತ್ರುವೆನ್ನದೆ ಗಾಯಗೊಂಡವರಿಗೆಲ್ಲ ಉಪಚಾರ ಮಾಡಬೇಕೆಂಬ ಅವನ ಸಂಕಲ್ಪದಿಂದ ಒಂದು ಮಹಾಸಂಸ್ಥೆಯು ಬೆಳೆಯಿತು. 1864ರ ಜಿನೀವಾ ಒಪ್ಪಂದದಲ್ಲಿ ಬಿಳಿಯ ಬಟ್ಟೆಯ ಮೇಲಿನ ಕೆಂಪು ಶಿಲುಬೆಯಾಕಾರವು ಅದರ ಗುರುತಾಯಿತು. ಅದು ಸ್ವಿಟ್ಜರ್ಲೆಂಡಿನ ಧ್ವಜದ ಬಣ್ಣಗಳನ್ನು ಅದಲುಬದಲು ಮಾಡಿದ ಆಕಾರ. ಆದರೆ 1876ರಲ್ಲಿ ಆರಂಭವಾದ ಯುದ್ಧಕಾಲದಲ್ಲಿ ತುರ್ಕಿಯವರು ಆ ಆಕಾರವು ತಮ್ಮ ಸೈನಿಕರಿಗೆ ಒಪ್ಪಿಗೆಯಾಗದೆಂದು ಕೆಂಪು ಅರ್ಧಚಂದ್ರವನ್ನು ಬಳಸತೊಡಗಿದರು. ಮುಂದೆ ಎರಡಕ್ಕೂ ಮನ್ನಣೆಯಾಯಿತು. ಎರಡೂ ಒಪ್ಪಿಗೆಯಾಗದವರಿಗಾಗಿ 2005ರಲ್ಲಿ ಯಾವ ಮತಕ್ಕೂ ಸೇರದ ಕೆಂಪು ಹರಳಿನ ಆಕಾರವೊಂದನ್ನು ಮೂರನೆಯ ಗುರುತಾಗಿ ಅಂಗೀಕರಿಸಲಾಯಿತು.

ಈ ವೃತ್ತಾಂತವನ್ನು ಕೇಳಿ ನಗುವವರುಂಟು: ಐಕ್ಯದ ಕುರುಹಿಗಾಗಿ ಮೂರು ಕುರುಹುಗಳೇ ಎಂದು. ನಗುವುದಕ್ಕಿಂತ ತಿಳಿಯುವುದು ಲೇಸು. ಕುರುಹನ್ನು ಇಟ್ಟವನ ಮನಸ್ಸಿನಲ್ಲಿ ಏನಿತ್ತು ಎಂಬುದು ಅರ್ಧ; ಅದನ್ನು ನೋಡಿದವನ ಮನಸ್ಸಿನಲ್ಲಿ ಏನಾಯಿತು ಎಂಬುದು ಇನ್ನರ್ಧ. ಪ್ರಸಾದನಿಲಯದ ಹಿರಿಯರ ಮನಸ್ಸಿನಲ್ಲಿ ಭೇದವಿಲ್ಲದಿರಬಹುದು. ಬಾಗಿಲ ಬಳಿ ನಿಂತ ಬಾಲಕನ ಮನಸ್ಸಿನಲ್ಲಿ ಭಯವಿರುವವರೆಗೆ ಆ ಕುರುಹಿನ ಕೆಲಸ ಇನ್ನೂ ಮುಗಿದಿಲ್ಲವೆಂದೇ ತಿಳಿಯಬೇಕು. ಮತ್ತು ಆ ಸಂಸ್ಥೆಯ ಗೌರವವು ಉಳಿದುದು ಚಿಹ್ನೆಯ ಆಕಾರದಿಂದಲ್ಲ, ಗಾಯಾಳುವನ್ನು ಎತ್ತಿದ ಕೈಗಳಿಂದ ಎಂಬುದನ್ನೂ ಮಕ್ಕಳಿಗೆ ಹೇಳಬೇಕು.

ಹಾಗಾದರೆ ಶಾಲೆಯಲ್ಲಿ ಯಾವ ಕುರುಹುಗಳು ಮಾನವೈಕ್ಯವನ್ನು ಕಲಿಸಬಲ್ಲವು? ಧರಿಸುವ ಕುರುಹುಗಳು ಆಯಾ ಮನೆತನದ ಸಂಸ್ಕಾರಕ್ಕೆ ಸೇರಿದವು. ಎಲ್ಲರೂ ಕೂಡಿ ಆಚರಿಸಬಲ್ಲ ಕುರುಹುಗಳೇ ಶಾಲೆಯವು. ಅಂಥವುಗಳಲ್ಲಿ ಮೊದಲನೆಯದು ಪಂಕ್ತಿ. ನೆಲದ ಮೇಲೆ ಸಾಲಾಗಿ ಕುಳಿತು, ಒಂದೇ ಪಾತ್ರೆಯಿಂದ ಬಡಿಸಿದುದನ್ನು, ಎಲ್ಲರಿಗೂ ಬಡಿಸುವವರೆಗೆ ಕಾದು, ಒಟ್ಟಿಗೆ ಉಣ್ಣುವುದು. ಇದರಲ್ಲಿ ಉಪದೇಶದ ಒಂದು ಮಾತೂ ಇಲ್ಲ. ಆದರೂ ವರುಷಕ್ಕೆ ಮುನ್ನೂರು ದಿನ ಹೀಗೆ ಕುಳಿತ ಮಗುವಿಗೆ ತನ್ನ ಹಸಿವಿಗೂ ಮಗ್ಗುಲ ಮಗುವಿನ ಹಸಿವಿಗೂ ಭೇದವಿಲ್ಲವೆಂಬುದನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ.

ತುಮಕೂರಿನ ಶ್ರೀ ಸಿದ್ಧಗಂಗಾ ಕ್ಷೇತ್ರವು ಇದಕ್ಕೆ ಪ್ರತ್ಯಕ್ಷ ನಿದರ್ಶನ. 1941ರಲ್ಲಿ ಮಠದ ಭಾರವನ್ನು ಹೊತ್ತ ಪರಮಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೆ ಆ ದಾಸೋಹವನ್ನು ಬೆಳೆಯಿಸಿದರು. ಸುಮಾರು 10,000 ಮಕ್ಕಳು ಜಾತಿಮತಗಳ ಎಣಿಕೆಯಿಲ್ಲದೆ ಅಲ್ಲಿ ಅನ್ನ, ವಸತಿ, ವಿದ್ಯೆಗಳನ್ನು ಪಡೆಯುವಂತಾಯಿತು. ಬೆಳಗು ಬೈಗುಗಳಲ್ಲಿ ಬಯಲಿನಲ್ಲಿ ಸಾಲುಸಾಲಾಗಿ ಕುಳಿತು ಪ್ರಾರ್ಥಿಸುವ ಮಕ್ಕಳನ್ನು ನೋಡಿದ ಯಾತ್ರಿಕನಿಗೆ ಯಾವ ಮಗು ಯಾವ ಕುಲದ್ದೆಂದು ಕೇಳಬೇಕೆಂಬ ಮನಸ್ಸೇ ಹುಟ್ಟುವುದಿಲ್ಲ. ಸಾಲಿನ ಬಲವು ಅಂಥದು.

ಮಠಗಳ ಈ ಮಾತು ಸರಕಾರದ ಶಾಲೆಗಳಿಗೂ ಹೋಗಿ ಮುಟ್ಟಿದುದು ಸಂತೋಷದ ಸಂಗತಿ. ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರಿನಲ್ಲಿ ಆಜ್ಞೆ ಮಾಡಿತು. 2002ರಲ್ಲಿ ಕರ್ನಾಟಕದ ಈಶಾನ್ಯ ಭಾಗದ 7 ಜಿಲ್ಲೆಗಳಲ್ಲಿ ಆರಂಭವಾದ ಆ ಯೋಜನೆಗೆ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟರು. ಶರಣರ ಶಬ್ದವೊಂದು ಸರಕಾರದ ದಫ್ತರದಲ್ಲಿ ಸೇರಿತು. ಆದರೆ ಶಬ್ದವೂ ಕುರುಹೇ ಆದುದರಿಂದ ಅದಕ್ಕೂ ಹಿಂದೆ ಹೇಳಿದ ಒರೆಗಲ್ಲೇ ಪ್ರಮಾಣ. ಅಡಿಗೆ ಮಾಡುವ ತಾಯಿಯ ಜಾತಿಯನ್ನು ವಿಚಾರಿಸಿ ಮಕ್ಕಳನ್ನು ಪಂಕ್ತಿಯಿಂದ ಎಬ್ಬಿಸಿಕೊಂಡು ಹೋದ ಸುದ್ದಿಗಳು ವೃತ್ತಪತ್ರಿಕೆಗಳಲ್ಲಿ ಬಂದಿರುವುದುಂಟು. ಅಂಥ ದಿನ ಅಲ್ಲಿ ಅಕ್ಷರವೂ ಇಲ್ಲ, ದಾಸೋಹವೂ ಇಲ್ಲ. ಬರಿಯ ಹೆಸರು ಮಾತ್ರ ಉಳಿಯುವುದು. ಮರುದಿನ ಊರಿನ ಹಿರಿಯನೊಬ್ಬನು ತಾನೇ ಬಂದು ಮಕ್ಕಳ ಸಾಲಿನಲ್ಲಿ ಕುಳಿತು, ಆ ತಾಯಿಯ ಕೈಯಿಂದ ಬಡಿಸಿಕೊಂಡು ಉಂಡರೆ ಹೆಸರಿಗೆ ಮತ್ತೆ ಜೀವ ಬರುವುದು. ಹತ್ತು ಭಾಷಣಗಳಿಂದ ಆಗದುದು ಆ ಒಂದು ತುತ್ತಿನಿಂದ ಆಗುವುದು.

ಎರಡನೆಯ ಕುರುಹು ಕಾಯಕದ ಸಲಕರಣೆ. ತರಗತಿಯಲ್ಲಿ ಒಂದು ದಿನ ಉಪಾಧ್ಯಾಯನು ಪುಸ್ತಕವನ್ನು ಮುಚ್ಚಿಟ್ಟು, ಒಂದು ಹಗ್ಗ, ಒಂದು ಬುಟ್ಟಿ, ಚರ್ಮ ಹೊಲಿಯುವ ಒಂದು ಉಳಿ, ಒಂದು ಮೊರ, ಒಂದು ಹುಟ್ಟು ಇವನ್ನು ಮೇಜಿನ ಮೇಲೆ ಇಡಲಿ. ಇವುಗಳಲ್ಲಿ ಯಾವುದು ಇಲ್ಲದಿದ್ದರೆ ಊರಿನ ಜೀವನವು ನಡೆದೀತೆಂದು ಮಕ್ಕಳನ್ನು ಕೇಳಲಿ. ಯಾವುದನ್ನು ತೆಗೆದರೂ ಎಲ್ಲಿಯೋ ಒಂದು ಕಡೆ ಜೀವನವು ತಡೆಯುವುದೆಂದು ಮಕ್ಕಳೇ ಹೇಳುವರು. ಆಮೇಲೆ ಹಗ್ಗದಿಂದ ಚಂದಯ್ಯನ ಹೆಸರನ್ನೂ, ಬುಟ್ಟಿಯಿಂದ ಮೇದಾರ ಕೇತಯ್ಯನ ಹೆಸರನ್ನೂ, ಉಳಿಯಿಂದ ಹರಳಯ್ಯನ ಹೆಸರನ್ನೂ, ಮೊರದಿಂದ ಆಯ್ದಕ್ಕಿ ದಂಪತಿಗಳ ಹೆಸರನ್ನೂ, ಹುಟ್ಟಿನಿಂದ ಚೌಡಯ್ಯನ ಹೆಸರನ್ನೂ ತಿಳಿಸಲಿ. ಮನೆಯಲ್ಲಿ ಬುಟ್ಟಿ ಹೆಣೆಯುವವರ ಮಗುವೊಂದು ಆ ತರಗತಿಯಲ್ಲಿದ್ದರೆ, ತನ್ನ ಮನೆಯ ಬುಟ್ಟಿಯು ಮೇಜಿನ ಮೇಲೆ ಗೌರವದಿಂದ ಕುಳಿತಿರುವುದನ್ನು ಅದು ಕಾಣುವುದು. ಉಳಿದ ಮಕ್ಕಳು ಆ ಮಗುವಿನ ಕೈಯನ್ನು ಹೊಸ ಕಣ್ಣಿನಿಂದ ಕಾಣುವರು.

ಮೂರನೆಯದು ಶ್ರುತಿ. ಕುರುಹೆಂಬುದು ಕಣ್ಣಿಗೆ ಮಾತ್ರ ಸಂಬಂಧಿಸಿದುದೆಂದು ತಿಳಿಯಬಾರದು. ಗದುಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಡಿತ ಪಂಚಾಕ್ಷರ ಗವಾಯಿಗಳವರೂ (1892-1944) ಅವರ ಬಳಿಕ ಪಂಡಿತ ಪುಟ್ಟರಾಜ ಗವಾಯಿಗಳವರೂ (1914-2010) ಅಂಧ ಮಕ್ಕಳಿಗೂ ಅನಾಥ ಮಕ್ಕಳಿಗೂ ಕುಲವನ್ನು ಕೇಳದೆ ಅನ್ನವಿಟ್ಟು ಸಂಗೀತವನ್ನು ಕಲಿಸಿದರು. ಗುರುಗಳಿಬ್ಬರೂ ಅಂಧರೇ. ಹಣೆಯ ಗುರುತನ್ನು ಗುರುವೂ ಕಾಣನು, ಶಿಷ್ಯನೂ ಕಾಣನು. ಅವರಿಬ್ಬರನ್ನೂ ಕೂಡಿಸಿದ ಕುರುಹು ತಂಬೂರಿಯ ಶ್ರುತಿ. ಒಬ್ಬೊಬ್ಬರ ಕಂಠವೂ ಬೇರೆ. ಎಲ್ಲ ಕಂಠಗಳೂ ಸೇರಬೇಕಾದ ಶ್ರುತಿ ಒಂದೇ. ಮಾನವೈಕ್ಯವೆಂದರೆ ಎಲ್ಲರೂ ಒಂದೇ ಕಂಠದವರಾಗಬೇಕೆಂಬುದಲ್ಲ ಎಂಬ ಸೂಕ್ಷ್ಮವನ್ನು ಮಕ್ಕಳಿಗೆ ತಿಳಿಸುವುದಕ್ಕೆ ಇದಕ್ಕಿಂತ ತಕ್ಕ ಉಪಮಾನವು ದೊರೆಯುವುದು ಕಷ್ಟ.

ಇಲ್ಲಿ ಎರಡು ಆಕ್ಷೇಪಗಳು ಬರುವವು. ‘ಮಠದ ಶಾಲೆಯಲ್ಲಿ ಮಠದ ಕುರುಹುಗಳನ್ನು ವಿವರಿಸಿದರೆ ಅನ್ಯಮತದ ಮಕ್ಕಳ ಮೇಲೆ ಅದು ಬಲಾತ್ಕಾರವಾಗದೆ?’ ಎಂಬುದು ಮೊದಲನೆಯದು. ‘ಹಾಗಾದರೆ ಕುರುಹುಗಳನ್ನೆಲ್ಲ ಶಾಲೆಯಿಂದ ಹೊರಗಿಡುವುದೇ ಕ್ಷೇಮವಲ್ಲವೆ?’ ಎಂಬುದು ಎರಡನೆಯದು. ಮೊದಲನೆಯದಕ್ಕೆ ದೇಶದ ಸಂವಿಧಾನವೇ ಉತ್ತರ ಕೊಟ್ಟಿರುವುದು. 1950ರ ಜನವರಿ 26ರಂದು ಜಾರಿಗೆ ಬಂದ ಆ ಸಂವಿಧಾನದ 28ನೆಯ ಅನುಚ್ಛೇದದಂತೆ, ಸರಕಾರದ ಮನ್ನಣೆಯನ್ನಾಗಲಿ ಧನಸಹಾಯವನ್ನಾಗಲಿ ಪಡೆದ ಶಾಲೆಯಲ್ಲಿ ಯಾವ ಮಗುವನ್ನೂ ಅದರ ಪೋಷಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗಾಗಲಿ ಪೂಜೆಗಾಗಲಿ ಹಾಜರಾಗಬೇಕೆಂದು ಕಡ್ಡಾಯಮಾಡುವಂತಿಲ್ಲ. ಶರಣಧರ್ಮಕ್ಕೂ ಇದು ಸಮ್ಮತವೇ ಸರಿ. ಒಲ್ಲದ ಕೊರಳಿಗೆ ಕಟ್ಟಿದ ಲಿಂಗವು ಇಷ್ಟಲಿಂಗವಾಗದು, ಏಕೆಂದರೆ ಅಲ್ಲಿ ಇಷ್ಟವೇ ಇಲ್ಲ. ಎರಡನೆಯ ಆಕ್ಷೇಪಕ್ಕೆ ಅನುಭವವೇ ಉತ್ತರ. ಕುರುಹಿಲ್ಲದ ಶಾಲೆಯೆಂಬುದು ಇಲ್ಲ. ಒಳ್ಳೆಯ ಕುರುಹುಗಳನ್ನು ಹೊರಗೆ ಹಾಕಿದ ಮಾತ್ರಕ್ಕೆ ಸ್ಥಳವು ಬರಿದಾಗಿ ಉಳಿಯುವುದಿಲ್ಲ. ಬೆಲೆಯುಳ್ಳ ಬೂಟು, ತಂದೆಯ ಮೋಟಾರು, ಮನೆಮಾತಿನ ಡೌಲು ಇವು ಬಂದು ಆ ಸ್ಥಳದಲ್ಲಿ ಕುಳಿತುಕೊಳ್ಳುವವು.

ಮಹೋತ್ಸವದ ಈ ಸಭೆಯಲ್ಲಿ ಇನ್ನೊಂದು ಮಾತನ್ನು ಮರೆಮಾಚದೆ ಹೇಳುವುದು ಧರ್ಮ. ನಾಡಿನ ಉಚಿತ ವಿದ್ಯಾರ್ಥಿನಿಲಯಗಳಲ್ಲಿ ಹಲವು ಮೊದಲು ಆಯಾ ಸಮಾಜದ ಮಕ್ಕಳಿಗಾಗಿಯೇ ಹುಟ್ಟಿದವು. ವಿದ್ಯೆಯಿಂದ ದೂರವಿದ್ದ ಗ್ರಾಮೀಣ ಮಕ್ಕಳನ್ನು ಪಟ್ಟಣದ ಶಾಲೆಗೆ ಕರೆತರುವುದಕ್ಕೆ ಆ ಕಾಲದಲ್ಲಿ ಅದು ಅವಶ್ಯಕವೂ ಆಗಿತ್ತು. ಆ ಹಿರಿಯರ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕುರುಹನ್ನು ಎಲ್ಲರಿಗೂ ಹಂಚಿದ ಶರಣರ ಹೆಸರು ಹೇಳಿಕೊಂಡು, ಅದೇ ಕುರುಹನ್ನು ಒಳಪಂಗಡಗಳ ಬೇಲಿಯಾಗಿ ಕಟ್ಟಿಕೊಂಡುದೂ ಉಂಟು. ಬೇರೆಯ ಪಂಕ್ತಿಗಳೂ, ಮೇಲುಕೀಳಿನ ಎಣಿಕೆಗಳೂ ಶರಣರ ನಾಡಿನಲ್ಲಿಯೇ ಉಳಿದವು. ಇದನ್ನು ಮಕ್ಕಳು ಕಾಣುವುದಿಲ್ಲವೆಂದು ಹಿರಿಯರು ಭಾವಿಸುವರು. ಮಕ್ಕಳು ಕಾಣುವಷ್ಟು ಸ್ಪಷ್ಟವಾಗಿ ಹಿರಿಯರು ಕಾಣುವುದಿಲ್ಲ. ಪ್ರಾರ್ಥನೆಯಲ್ಲಿ ಎಲ್ಲರೂ ಒಂದೆಂದು ಹಾಡಿಸಿ, ಊಟದ ಬಳಿಕ ಹಂಡೆ ತೊಳೆಯುವ ಸರದಿಯು ಯಾವಾಗಲೂ ಕೆಲವು ಮಕ್ಕಳಿಗೇ ಬರುತ್ತಿದ್ದರೆ, ಮಕ್ಕಳು ನೆನಪಿನಲ್ಲಿ ಇಟ್ಟುಕೊಂಡು ಹೋಗುವುದು ಹಾಡನ್ನಲ್ಲ, ಹಂಡೆಯನ್ನು.

ಆದಕಾರಣ ಮಹೋತ್ಸವದ ನೆನಪಿಗಾಗಿ ಏನನ್ನಾದರೂ ಕಟ್ಟಿಸಬೇಕೆನ್ನುವ ಭಕ್ತರು ಮೊದಲು ಊಟದ ಮನೆಯ ಪಂಕ್ತಿಯನ್ನೂ, ಹಂಡೆಯ ಸರದಿಯನ್ನೂ, ನೀರಿನ ನಲ್ಲಿಯನ್ನೂ ಒಮ್ಮೆ ಹೋಗಿ ನೋಡಬೇಕು. ಅಲ್ಲಿ ಎಲ್ಲ ಮಕ್ಕಳ ಕೈಯೂ ಸಮಾನವಾಗಿ ನೀರನ್ನು ಮುಟ್ಟುವುದಾದರೆ, ಎಲ್ಲ ಮಕ್ಕಳ ಸರದಿಯೂ ಸಮಾನವಾಗಿ ಬರುವುದಾದರೆ, ಶ್ರೀಮಠದ ಮಹಾದ್ವಾರದ ಮೇಲಿನ ಲಿಂಗಮುದ್ರೆಯು ಬೆಳಗುವುದು. ಹಾಗಲ್ಲದಿದ್ದರೆ ಅದಕ್ಕೆ ಚಿನ್ನದ ಲೇಪವನ್ನು ಹಚ್ಚಿಸಿದರೂ ಬೆಳಗದು.

ಇನ್ನು ಬಾಗಿಲ ಬಳಿ ನಿಂತಿರುವ ಆ ಬಾಲಕನಿಗೆ ಉತ್ತರ ಕೊಡಬೇಕಾಗಿದೆ. ಅವನು ಹಸಿದಿದ್ದಾನೆ, ದೀರ್ಘವಾದ ಉತ್ತರವನ್ನು ಕೇಳುವ ಸ್ಥಿತಿಯಲ್ಲಿಲ್ಲ. ಅವನಿಗೆ ಷಟ್‌ಸ್ಥಲಗಳನ್ನು ಬೋಧಿಸುವ ಸಮಯ ಅದಲ್ಲ. ಎಲ್ಲ ಧರ್ಮಗಳೂ ಒಂದೇ ಎಂದು ಹೇಳುವ ಸಮಯವೂ ಅಲ್ಲ. ಕೊರಳಲ್ಲಿ ಇಲ್ಲದುದನ್ನು ನೋಡಿ ಕನಿಕರಪಡುವ ಸಮಯವಂತೂ ಅಲ್ಲವೇ ಅಲ್ಲ. ವೃದ್ಧ ಉಪಾಧ್ಯಾಯರು ಅರಿವುಳ್ಳವರಾಗಿದ್ದರೆ ಅವನ ಕೈಗೆ ಒಂದು ತಟ್ಟೆಯನ್ನು ಕೊಟ್ಟು ಇಷ್ಟೇ ಹೇಳುವರು: “ಸಾಲು ಎಲ್ಲಿಗೆ ಮುಗಿದಿದೆಯೋ ಅಲ್ಲಿ ಕೂತುಕೋ, ಮಗು. ನಿನ್ನ ಹಿಂದೆ ಬರುವವನು ನಿನ್ನ ಮಗ್ಗುಲಿಗೆ ಕೂರುತ್ತಾನೆ.”

ಬಾಲಕನು ಹೋಗಿ ಕೂಡುವನು. ಅವನ ಹಿಂದೆ ಬಂದ ಹುಡುಗನು, ಕೊರಳಲ್ಲಿ ಶಿವದಾರವುಳ್ಳವನು, ಅವನ ಮಗ್ಗುಲಿಗೆ ಕೂಡುವನು. ಇಬ್ಬರ ತಟ್ಟೆಗೂ ಒಂದೇ ಸೌಟಿನಿಂದ ಅನ್ನ ಬೀಳ್ವುದು. ಕುರುಹು ಅರಿವಾಗುವ ಸ್ಥಳವೆಂದರೆ ಅದೇ. ಅಂಥ ಸ್ಥಳಗಳು ಶ್ರೀಮಠದ ಆಶ್ರಯದಲ್ಲಿ ನಿತ್ಯವೂ ಹೆಚ್ಚುತ್ತ ಹೋಗಲೆಂದು ಶ್ರೀಗುರುವಿನ ಚರಣಕಮಲಗಳಲ್ಲಿ ಪ್ರಾರ್ಥನೆ.